ಕುರಿ ಸುಲಿಯಲು ಎಂಥ ಮಡಚುವ ಚಾಕು ಕೊಳ್ಳಬೇಕು?

ಕೊಪ್ಪಳದ ಕಡೆ ಹೊಲದಲ್ಲೇ ಕುರಿ ಸುಲಿಯೋದಕ್ಕೆ ಮೂರರಿಂದ ನಾಲ್ಕು ಇಂಚಿನ ಅಲಗು ಸಾಕು. ಉದ್ದ ಜಾಸ್ತಿಯಾದರೆ ಹೊಟ್ಟೆ ಸೀಳುವಾಗ ತುದಿ ಕರುಳಿಗೆ ತಾಗಿ ಮಾಂಸ ಹೊಲಸಾಗುತ್ತದೆ. ಅಲಗು ದುಂಡಗೆ ಬಾಗಿದ್ದರೆ ಚರ್ಮ ತೂತಾಗದೆ ಬಿಡಿಸಬಹುದು.

ಮುಖ್ಯವಾಗಿ ನೋಡಬೇಕಾದ್ದು ಲಾಕ್. ಕೈಯೆಲ್ಲ ರಕ್ತ, ಕೊಬ್ಬು ಆಗಿರುವಾಗ ಲಾಕ್ ಇಲ್ಲದ ಚಾಕು ಬೆರಳಿನ ಮೇಲೇ ಮಡಚಿಕೊಳ್ಳಬಹುದು. ಅಂಗಡಿಯಲ್ಲೇ ಬಿಚ್ಚಿ ನೋಡಿ. ಅಲಗು ಅಲುಗಾಡಿದರೆ ಬೇಡ. ಹಿಡಿ ತರಿತರಿಯಾಗಿರಲಿ. ಸ್ಟೇನ್‌ಲೆಸ್ ಸ್ಟೀಲ್ ಆದರೆ ತುಕ್ಕಿನ ಕಾಟ ಕಡಿಮೆ.

ನನ್ನ ಕೇಳಿದರೆ, ಒರೆಯಲ್ಲಿಡುವ ಮಡಚದ ಚಾಕುವೇ ವಾಸಿ. ಮಡಚುವ ಚಾಕುವಿನ ಕೀಲಿನಲ್ಲಿ ಕೊಬ್ಬು ಸೇರಿಕೊಂಡರೆ ತೊಳೆಯೋದೇ ತಲೆನೋವು. ಬಿಸಿನೀರು, ಸೋಪು, ಹಳೇ ಬ್ರಷ್ಷು ಬೇಕೇ ಬೇಕು. ಅಂದ ಹಾಗೆ, ಕಾಡುಮೊಲ, ಜಿಂಕೆ ಅಂತೇನಾದರೂ ಮನಸ್ಸಿನಲ್ಲಿದ್ದರೆ ಬಿಟ್ಟುಬಿಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅವುಗಳ ಬೇಟೆ ಅಪರಾಧ.