ಡ್ರಿಪ್ ಖಾಲಿಯಾದ್ರೂ ಸಿಸ್ಟರ್ ಬರ್ಲಿಲ್ಲ ಅಂದವರಿಗೆ

ಶಿವಮೊಗ್ಗದಲ್ಲಿ ಅಮ್ಮನ್ನ ಅಡ್ಮಿಟ್ ಮಾಡಿದೀವಿ, ಡ್ರಿಪ್ ಖಾಲಿಯಾಗಿ ಇಪ್ಪತ್ತು ನಿಮಿಷ ಆದ್ರೂ ಸಿಸ್ಟರ್ ಬರ್ಲಿಲ್ಲ, ಗಾಳಿ ಒಳಗೆ ಹೋಗಿದ್ರೆ ಏನು ಗತಿ, ಕಂಪ್ಲೇಂಟ್ ಕೊಡ್ಲಾ ಅಂತ ಕೇಳಿದೀರಲ್ಲ. ಮೊದ್ಲು ಭಯ ಬಿಡಿ ಮಾರಾಯ್ರೆ. ಸ್ಟ್ಯಾಂಡಿಗೆ ನೇತಾಕಿರೋ ಬಾಟ್ಲಿ ಖಾಲಿಯಾದ್ರೆ ಉಳಿದ ಡ್ರಿಪ್ ನೀರು ಸಾಮಾನ್ಯವಾಗಿ ಪೈಪಲ್ಲೇ ನಿಂತುಬಿಡುತ್ತೆ, ಕೆಲವೊಮ್ಮೆ ಸ್ವಲ್ಪ ರಕ್ತ ಹಿಂದಕ್ಕೆ ಬರುತ್ತೆ, ಅದನ್ನ ನೋಡಿನೇ ಜನ ಕಿರುಚೋದು. ನೀವಾಗೇ ಪೈಪ್ ಕೀಳೋಕೆ ಹೋಗ್ಬೇಡಿ ಅಷ್ಟೆ. ಕೈ ಊದಿದ್ರೆ, ಉರಿ ಅಂದ್ರೆ ಓಡಿಹೋಗಿ ಕರೀರಿ.

ನಾನು ತೀರ್ಥಹಳ್ಳಿ ಕಡೆಯವ್ಳು, 11 ವರ್ಷ ವಾರ್ಡಲ್ಲೇ ಇದ್ದೆ. ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೇಲಿ 5 ಪೇಷಂಟಿಗೆ ಒಬ್ರು ನರ್ಸ್ ಇರ್ಬೇಕು, ನೈಟ್ ಡ್ಯೂಟೀಲಿ ನಾನೊಬ್ಳೇ 24 ಜನಾನ ನೋಡ್ಕೊಂಡಿದೀನಿ, ಅದ್ರ ಮಧ್ಯೆ ಫ್ಯಾನ್ ಹಾಕಿ, ಬಿಸಿನೀರು ತನ್ನಿ, ಡಾಕ್ಟ್ರನ್ನ ಈಗ್ಲೇ ಕರೆಸಿ, ಒಬ್ರಂತೂ ಮೊಬೈಲ್ ಚಾರ್ಜಿಗೆ ಹಾಕೋಕೆ ಬೆಲ್ ಒತ್ತಿದ್ರು! (4 ವರ್ಷ ಬಿಎಸ್ಸಿ ಓದಿದ್ದು ಇದಕ್ಕೇನಾ ಅನ್ನಿಸ್ತು ಅವತ್ತು.)

ಕಂಪ್ಲೇಂಟ್ ಕೊಡೋದಾದ್ರೆ ಆ ಹುಡುಗಿ ಮೇಲೆ ಬೇಡ, ಆ ರಾತ್ರಿ ಎಷ್ಟು ಪೇಷಂಟ್‌ಗೆ ಎಷ್ಟು ಜನ ಸಿಸ್ಟರ್ ಹಾಕಿದ್ರಿ ಅಂತ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಬರೆದುಕೊಟ್ಟು ಕೇಳಿ. ಅಮ್ಮ ಈಗ ಹೇಗಿದಾರೆ?