ಮಾತಿನ ಗುಳ್ಳೆಯೊಳಗಿನ ಕನ್ನಡ

ಪ್ರಶ್ನೆ: ಟೀಚರ್, ನನ್ನ ಮಗ ನಾಲ್ಕನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ನಾವು ಮಾತಾಡುವುದು ತುಳು. ಕನ್ನಡ ಪುಸ್ತಕ ಹಿಡಿದರೆ ಎರಡು ಸಾಲಿಗೆ ಆಕಳಿಸುತ್ತಾನೆ. ಕಾಮಿಕ್ಸ್ ಕೊಟ್ಟರೆ ಮಾತ್ರ ಅಲ್ಲಾಡದೆ ಕೂರುತ್ತಾನೆ. ಓದುತ್ತಾನೋ, ಸುಮ್ನೆ ಚಿತ್ರ ನೋಡಿ ಪುಟ ತಿರುಗಿಸುತ್ತಾನೋ ಗೊತ್ತಾಗುವುದಿಲ್ಲ. ಇದನ್ನು ಓದು ಅಂತ ಲೆಕ್ಕ ಹಿಡಿಯಬಹುದಾ?
– ಒಬ್ಬ ತಾಯಿ, ಸುರತ್ಕಲ್

ಉತ್ತರ: ಖಂಡಿತ ಹಿಡಿಯಬಹುದು. ಮೊದಲ ಸಲ ಬರೀ ಚಿತ್ರ ನೋಡಿ ಮುಗಿಸಿದರೂ ಗಾಬರಿ ಬೇಡ. ಕಥೆ ಎತ್ತ ಹೋಗುತ್ತದೆ ಅಂತ ಮೊದಲು ತಿಳಿದುಕೊಂಡು, ಎರಡನೇ ಸಲಕ್ಕೆ ಮಾತಿನ ಗುಳ್ಳೆಗಳಿಗೆ, ಅಂದರೆ ಪಾತ್ರದ ಮಾತು ಬರೆದಿರುವ ಸುತ್ತುಗಳಿಗೆ, ಬರುವ ಮಕ್ಕಳು ತುಂಬಾ ಇದ್ದಾರೆ. ಶಾಲೆಯ ಲೈಬ್ರರಿಯಲ್ಲಿ ಕೂತು ವರ್ಷಗಟ್ಟಲೆ ನಾನು ಕಂಡದ್ದು ಇದನ್ನೇ.

ಒಂದು ಮಳೆಗಾಲದ ಮಧ್ಯಾಹ್ನ, ನಿಮ್ಮ ಮಗನ ಪ್ರಾಯದ ಹುಡುಗನೊಬ್ಬ ನೆಲದಲ್ಲಿ ಕಾಲು ಚಾಚಿ ಪುರಾಣದ ಚಿತ್ರಕಥೆ ಓದುತ್ತಿದ್ದ. ಬೆರಳು ಗುಳ್ಳೆಯಿಂದ ಗುಳ್ಳೆಗೆ ಹೋಗುತ್ತಿತ್ತು. 'ದಿಗ್ಭ್ರಮೆ' ಎಂಬಲ್ಲಿ ನಿಂತಿತು. ಒಂದೇ ಅಕ್ಷರಕ್ಕೆ ಎರಡೆರಡು ಒತ್ತು! "ದಿಗ್... ದಿಗ್..." ಎಂದು ತಡವರಿಸಿದ. ಬೆರಳು ಅಲ್ಲಿಂದ ಚಿತ್ರಕ್ಕೆ ಹೋಯಿತು. ಅರಸನ ಕಣ್ಣು ಅಗಲವಾಗಿದೆ, ಕೈಯಿಂದ ಕತ್ತಿ ಜಾರುತ್ತಿದೆ. ಹುಡುಗ ಪುನಃ ಪದಕ್ಕೆ ಬಂದ. ಈ ಸಲ ಪೂರ್ತಿ ಓದಿದ. ನನ್ನ ಕಡೆ ತಿರುಗಿ, "ಅರಸುಗು ಪೋಡಿಗೆ ಆಂಡ್ ಅತ್ತಾ ಟೀಚರ್?" ಎಂದ. ಅರಸನಿಗೆ ಹೆದರಿಕೆ ಆಯ್ತಲ್ವಾ ಅಂತ. ಹೆದರಿಕೆಯೂ ಹೌದು, ಏನು ಮಾಡುವುದಂತ ತೋಚದೆ ನಿಂತದ್ದೂ ಹೌದು ಎಂದೆ. ಅಷ್ಟೇ. ಡಿಕ್ಷನರಿ ತೆಗೆಯಲಿಲ್ಲ, ಪಾಠ ಮಾಡಲಿಲ್ಲ. ಪದ ಅವನದಾಯಿತು.

ನಮ್ಮ ಊರಿನ ಮಕ್ಕಳಿಗೆ ಇದು ಇನ್ನೂ ಒಂದು ಕಾರಣಕ್ಕೆ ಒಳ್ಳೆಯದು. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳಲ್ಲಿ ಕನ್ನಡ ಅಂದರೆ ಪಾಠಪುಸ್ತಕದ ಭಾಷೆ. ಅದರಲ್ಲಿ ಯಾರೂ ಜಗಳ ಮಾಡುವುದಿಲ್ಲ, ಗೋಳಾಡುವುದಿಲ್ಲ, ನಗೆಚಾಟಿಕೆ ಮಾಡುವುದಿಲ್ಲ. ಕಾಮಿಕ್ಸ್‌ನಲ್ಲಿ ಕನ್ನಡ ಮಾತಾಗಿ ಬರುತ್ತದೆ. ಯಾರು, ಯಾರಿಗೆ, ಯಾವ ಮೋರೆಯಲ್ಲಿ ಹೇಳಿದರು ಅನ್ನುವುದೂ ಕಾಣುತ್ತದೆ. ಯಕ್ಷಗಾನದ ಆಟ ನೋಡುವ ಅಭ್ಯಾಸ ಇರುವ ಮನೆಯಾದರೆ ಇನ್ನೂ ಸುಲಭ. 'ಎಲವೋ', 'ಭಳಿರೇ' ಎಲ್ಲ ಮಗುವಿನ ಕಿವಿಯಲ್ಲಿ ಮೊದಲೇ ಇರುತ್ತದೆ. ಅಕ್ಷರದಲ್ಲಿ ಕಂಡಾಗ ಗುರುತು ಹಿಡಿಯುತ್ತದೆ.

ಇಂತಹ ಚಿತ್ರಕಥೆಗಳನ್ನು ದೇಶಕ್ಕೆಲ್ಲ ಮುಟ್ಟಿಸಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, 1929ರಲ್ಲಿ. ದೆಹಲಿಯ ಟೀವಿ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟ ಮಕ್ಕಳು, ರಾಮನ ತಾಯಿ ಯಾರು ಅಂದಾಗ ಸುಮ್ಮನಾದರಂತೆ. 1967ರಲ್ಲಿ 'ಅಮರ ಚಿತ್ರ ಕಥೆ' ಶುರುಮಾಡಲು ಅದೇ ಕಾರಣ ಎಂದು ಅವರು ಹೇಳುತ್ತಿದ್ದರು.

ನೀವು ಮನೆಯಲ್ಲಿ ಮಾಡಬೇಕಾದ್ದು ಒಂದೇ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ತಾಳಮದ್ದಳೆಯ ಹಾಗೆ ಕೂತುಬಿಡಿ. ರಾಜನ ಮಾತು ಅಪ್ಪನಿಗೆ, ರಕ್ಕಸನ ಮಾತು ಮಗನಿಗೆ. ಮಕ್ಕಳಿಗೆ ಯಾವಾಗಲೂ ರಕ್ಕಸನೇ ಬೇಕು, ಕೊಡಿ. ಗಟ್ಟಿಯಾಗಿ ಓದುವಾಗ ಅವನು ಎಲ್ಲಿ ತಡೆಯುತ್ತಾನೆ ಅಂತ ನಿಮಗೆ ತನ್ನಿಂದ ತಾನೇ ಗೊತ್ತಾಗುತ್ತದೆ. ತಡೆದಲ್ಲಿ ಪದ ಹೇಳಿಕೊಟ್ಟು ಮುಂದೆ ಹೋಗಿ, ತಿದ್ದುತ್ತಾ ಕೂರಬೇಡಿ. ಕೆಲವೊಮ್ಮೆ ಎರಡು ಚೌಕಗಳ ನಡುವಿನ ಬಿಳಿ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಏನಾಯ್ತು?" ಅಂತ ಕೇಳಿ. ಒಂದು ಚೌಕದಲ್ಲಿ ಕಳ್ಳ ಗೋಡೆ ಹತ್ತುತ್ತಿದ್ದಾನೆ, ಮುಂದಿನದರಲ್ಲಿ ಕೋಣೆಯೊಳಗೆ ಇದ್ದಾನೆ. ನಡುವಿನ ಹಾರಾಟವನ್ನು ಯಾರೂ ಬರೆದಿಲ್ಲ. ಅದನ್ನು ಕಟ್ಟಿಕೊಂಡದ್ದು ನಿಮ್ಮ ಮಗನೇ. ಕಥೆಯ ನೀತಿ ಏನು ಅಂತ ಮಾತ್ರ ದಯವಿಟ್ಟು ಕೇಳಬೇಡಿ.

ಇಂಗ್ಲಿಷ್ ಕಾಮಿಕ್ಸ್ ತರುವುದಾದರೆ ಒಳಗೆ ತೆರೆದು ನೋಡಿ. ಎಷ್ಟೋ ಪುಸ್ತಕಗಳಲ್ಲಿ ಮಾತೆಲ್ಲ ದೊಡ್ಡಕ್ಷರದಲ್ಲೇ (ಕ್ಯಾಪಿಟಲ್) ಇರುತ್ತದೆ. ಸಣ್ಣಕ್ಷರದಲ್ಲಿ ಓದಲು ಕಲಿತ ಮಗುವಿಗೆ ಅದು ಕಷ್ಟ. ಕನ್ನಡದಲ್ಲಿ ಆ ತೊಂದರೆಯೇ ಇಲ್ಲ.

ಪ್ರಶ್ನೆ: ಮೊಮ್ಮಗಳು ಆರನೇ ಕ್ಲಾಸು. ಕಾಮಿಕ್ಸ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಹೀಗೇ ಆದರೆ ನಿಜವಾದ ಪುಸ್ತಕ ಓದುವುದು ಯಾವಾಗ?
– ಒಬ್ಬ ಅಜ್ಜ, ಕಾಪು

ಉತ್ತರ: ನಿಮ್ಮ ಮನೆಯ ದೊಡ್ಡ ಮಕ್ಕಳನ್ನು ಒಮ್ಮೆ ಕೇಳಿ ನೋಡಿ ಅಜ್ಜ. ಮಕ್ಕಳ ಪತ್ರಿಕೆ 'ಬಾಲಮಂಗಳ'ದ ಡಿಂಗನ ಚಿತ್ರಕಥೆಗೆ ಕಾದು ಕೂತಿದ್ದವರು ಅವರಲ್ಲಿ ಒಬ್ಬರಾದರೂ ಇರುತ್ತಾರೆ.

ಪದಗಳ ಬಗ್ಗೆ ಹೆದರಿಕೆ ಬೇಡ. 1988ರಲ್ಲಿ ಹೇಯ್ಸ್ ಮತ್ತು ಆಹ್ರೆನ್ಸ್ ಎಂಬ ಅಧ್ಯಯನಕಾರರು ಇಂಗ್ಲಿಷಿನಲ್ಲಿ ಅಪರೂಪದ ಪದಗಳನ್ನು ಎಣಿಸಿದರು. ಓದಿದ ದೊಡ್ಡವರ ಮಾತಿನಲ್ಲಿ 1,000 ಪದಕ್ಕೆ ಸುಮಾರು 17, ಮಕ್ಕಳ ಪುಸ್ತಕದಲ್ಲಿ ಸುಮಾರು 31, ಕಾಮಿಕ್ಸ್‌ನಲ್ಲಿ 53ಕ್ಕೂ ಜಾಸ್ತಿ. ಇದು ಇಂಗ್ಲಿಷಿನ ಲೆಕ್ಕ. ಆದರೆ ಕಾಮಿಕ್ಸ್ ಅಂದರೆ ಬಡ ಭಾಷೆ ಅನ್ನುವ ಮಾತು ತಪ್ಪು ಅಂತ ತಿಳಿಯಲು ಇಷ್ಟು ಸಾಕು.

ನಿಮ್ಮ ಚಿಂತೆಯಲ್ಲಿ ನಿಜವೂ ಇದೆ. ಉದ್ದದ ಬರಹ ಓದುವಾಗ ಚಿತ್ರವನ್ನು ತಲೆಯೊಳಗೆ ನಾವೇ ಬಿಡಿಸಿಕೊಳ್ಳಬೇಕು. ಆ ಅಭ್ಯಾಸ ಕಾಮಿಕ್ಸ್ ಒಂದರಿಂದಲೇ ಬರುವುದಿಲ್ಲ. ಅವಳಿಗೆ ಇಷ್ಟವಾದ ಕಥೆಯನ್ನೇ ಬರಹದಲ್ಲೂ ಹುಡುಕಿ ಕೊಡಿ. ಅಭಿಮನ್ಯುವಿನ ಚಿತ್ರಕಥೆ ಓದಿದ್ದರೆ ಮಕ್ಕಳ ಮಹಾಭಾರತದ ಆ ಅಧ್ಯಾಯವನ್ನು ನೀವೇ ಓದಿ ಹೇಳಿ, ಚಕ್ರವ್ಯೂಹದ ಬಾಗಿಲಲ್ಲಿ ನಿಲ್ಲಿಸಿ, ಪುಸ್ತಕವನ್ನು ಮಂಚದ ಮೇಲೆ ಬಿಟ್ಟು ಹೋಗಿ. "ಹತ್ತು ಪುಟ ಇದನ್ನು ಓದು, ಆಮೇಲೆ ಕಾಮಿಕ್ಸ್ ಕೊಡ್ತೇನೆ" ಅಂತ ಕರಾರು ಮಾತ್ರ ಹಾಕಬೇಡಿ. ಆಗ ಪುಸ್ತಕ ಕಷಾಯ, ಕಾಮಿಕ್ಸ್ ಬೆಲ್ಲ ಅಂತ ನಾವೇ ಕಲಿಸಿದ ಹಾಗಾಗುತ್ತದೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರಾಥಮಿಕ ಶಾಲೆ. ಕಾಮಿಕ್ಸ್ ಕೊಳ್ಳಲು ಹಣ ಇಲ್ಲ. ಹೊಡೆದಾಟ ಜಾಸ್ತಿ ಅನ್ನುವ ದೂರೂ ಇದೆ. ಏನು ಮಾಡಲಿ?
– ಶಿಕ್ಷಕಿ, ಬ್ರಹ್ಮಾವರ

ಉತ್ತರ: ಕೊಡುವ ಮೊದಲು ನೀವು ಒಮ್ಮೆ ಓದಿ, ಅಷ್ಟೇ ಜರಡಿ ಸಾಕು. ಹಳೆಯ ಪುರಾಣದ ಚಿತ್ರಕಥೆಗಳಲ್ಲಿ ಹೊಡೆದಾಟಕ್ಕಿಂತ ನನಗೆ ಚುಚ್ಚುವುದು ಬಣ್ಣ. ದೇವರು ಬೆಳ್ಳಗೆ, ರಕ್ಕಸ ಕಪ್ಪಗೆ. ಬಚ್ಚಿಡಬೇಡಿ, "ಯಾಕೆ ಹೀಗೆ ಬಿಡಿಸಿದ್ದಾರೆ?" ಅಂತ ಮಕ್ಕಳನ್ನೇ ಕೇಳಿ. ಇನ್ನು ಗ್ರಾಫಿಕ್ ಕಾದಂಬರಿ, ಅಂದರೆ ಕಾಮಿಕ್ಸ್ ರೂಪದ ಕಾದಂಬರಿ, ಅಂದ ಕೂಡಲೇ ಮಕ್ಕಳದ್ದು ಅಂತ ತಿಳಿಯಬೇಡಿ. 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಪಡೆದ 'ಮೌಸ್' ನಾಜಿಗಳ ಕಾಲದ ಯಹೂದಿಗಳ ಕಥೆ. ಇಲಿ, ಬೆಕ್ಕಿನ ಚಿತ್ರ ಇದ್ದರೂ ಅದು ಹೈಸ್ಕೂಲ್ ದಾಟಿದವರಿಗೇ ಸರಿ.

ಹಣದ ವಿಷಯ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ತೆಗೆಯಬಹುದು. ಪಂಚಾಯ್ತಿಯ ಲೈಬ್ರರಿಯಾದ ಅರಿವು ಕೇಂದ್ರದಲ್ಲೂ ವಿಚಾರಿಸಿ. ಆದರೆ ನನ್ನ ಮನಸ್ಸು ಇರುವುದು ಮಕ್ಕಳೇ ಮಾಡುವ ಪುಸ್ತಕದಲ್ಲಿ. ಒಂದು ಎ4 ಹಾಳೆಯನ್ನು ಮೂರು ಸಲ ಮಡಚಿ ಬಿಡಿಸಿದರೆ ಎಂಟು ಚೌಕ. ನಡುವೆ ಒಂದು ಸೀಳು ಹಾಕಿ ಮಡಚಿದರೆ ಎಂಟು ಪುಟದ ಪುಸ್ತಕ. ಪಿನ್ನು, ಗೋಂದು ಏನೂ ಬೇಡ. ನೋಡಿದ್ದನ್ನೇ ಬಿಡಿಸಲಿ. ಪಿಲಿವೇಷದ (ಹುಲಿವೇಷದ) ತಾಸೆಯ ಬಡಿತ, ತಗಡಿನ ಮಾಡಿನ ಮೇಲೆ ಮಳೆ. ಸದ್ದನ್ನು ಹೇಗೆ ಬರೆಯುವುದು ಅಂತ ಕೇಳಿದರೆ ನೀವು ಹೇಳಿಕೊಡಬೇಡಿ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅಜ್ಜಿ ಬಂಗುಡೆ ಮೀನು ಕಾಯಿಸುವ ಚಿತ್ರ ಬಿಡಿಸಿ, ಕಾವಲಿಯ ಸುತ್ತ 'ಚುಂಯ್ಯ್ಯ್' ಅಂತ ಬರೆದಿದ್ದಳು. ಯ-ಒತ್ತು ಒಂದರ ಕೆಳಗೆ ಒಂದು, ಎಣ್ಣೆ ಸಿಡಿದ ಹಾಗೆ. ಒತ್ತಕ್ಷರ ಅಂದರೆ ಅಳುತ್ತಿದ್ದ ಮಗು ಅದು.

ಅಂತಹ ಪುಸ್ತಕಕ್ಕೆ ಲೈಬ್ರರಿ ರಿಜಿಸ್ಟರಿನಲ್ಲಿ ನಂಬರು ಹಾಕಿ, ಬರೆದವರ ಹೆಸರು ಬರೆದು ಕಪಾಟಿನಲ್ಲಿ ಇಡಿ. ಮರುದಿನ ಅದನ್ನೇ ಕೇಳಿಕೊಂಡು ಮಕ್ಕಳು ಬರುತ್ತಾರೆ.