ಸರ್ಕಾರದ ಜೊತೆ ಸೇರಿ ಟ್ರಾಮಾ ಸೆಂಟರ್ ಮಾಡಬೇಕು: ಕಟ್ಟಡ ಮೊದಲೋ, ಆಂಬುಲೆನ್ಸ್ ಮೊದಲೋ?

ನಿಮ್ಮ ಸಂಸ್ಥೆಯ ಹತ್ತಿರ ಸ್ವಲ್ಪ ದುಡ್ಡಿದೆ, ಆರೋಗ್ಯ ಇಲಾಖೆ ಕೈಜೋಡಿಸಲು ಒಪ್ಪಿದೆ, ಅಪಘಾತದ ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಟ್ರಾಮಾ ಸೆಂಟರ್ ಮಾಡಲು ಕಟ್ಟಡಕ್ಕೆ ಮೊದಲು ಹಾಕಬೇಕಾ, ಆಂಬುಲೆನ್ಸಿಗಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಸದ್ಯಕ್ಕೆ ಎರಡಕ್ಕೂ ಹಾಕಬೇಡಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಿಗೆ ಅಲೆದಿದ್ದೇನೆ.

ಆಗ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ಒಂದು ಜಿಲ್ಲೆಯಲ್ಲಿ ತುರ್ತು ಚಿಕಿತ್ಸೆ ಯೋಜನೆಯ ಸಂಯೋಜಕನಾಗಿದ್ದೆ. ತಾಲ್ಲೂಕು ಆಸ್ಪತ್ರೆಗಳು, ಜಿಲ್ಲಾಸ್ಪತ್ರೆ, ಖಾಸಗಿ ನರ್ಸಿಂಗ್ ಹೋಂಗಳು, 108ರವರು, ಪೊಲೀಸರು ಎಲ್ಲರನ್ನೂ ಕರೆದು ಕೂರಿಸಿ ಒಪ್ಪಂದ ಮಾಡಿಸಿದೆವು. ಯಾವ ಆಸ್ಪತ್ರೆಯಲ್ಲಿ ಏನೇನಿದೆ ಅಂತ ಒಂದು ಪಟ್ಟಿ ತಯಾರಿಸಿ ಎಲ್ಲ ಕ್ಯಾಶುವಾಲ್ಟಿಗಳ ಗೋಡೆಗೂ ಅಂಟಿಸಿದೆವು.

ಎಡವಟ್ಟಾಗಿದ್ದು ಆ ಪಟ್ಟಿಯಲ್ಲೇ. ನಾನು ಕಳಿಸಿದ ಫಾರಂನಲ್ಲಿ ಸಿಟಿ ಸ್ಕ್ಯಾನ್ ಇದೆಯೇ, ಆಪರೇಷನ್ ಥಿಯೇಟರ್ ಇದೆಯೇ, ರಕ್ತ ಸಂಗ್ರಹ ಘಟಕ ಇದೆಯೇ ಅಂತ ಕೇಳಿದ್ದೆ. ಅವರು ಇದೆ ಅಂತ ಬರೆದರು. ಸುಳ್ಳೇನೂ ಅಲ್ಲ, ಇತ್ತು. ರಾತ್ರಿ ಆ ಮಷಿನ್ ನಡೆಸುವವರು ಯಾರು ಅಂತ ನಾನು ಕೇಳಲಿಲ್ಲ. ಸ್ಕ್ಯಾನ್ ನೋಡಿ ಹೇಳುವವರು ಯಾರು, ಅರಿವಳಿಕೆ ಡಾಕ್ಟರ್ ಆಸ್ಪತ್ರೆಯಲ್ಲೇ ಇರುತ್ತಾರಾ ಅಥವಾ ಮನೆಯಿಂದ ಬರಬೇಕಾ, ಬರಲು ಎಷ್ಟು ಹೊತ್ತು ಬೇಕು, ಇದ್ಯಾವುದನ್ನೂ ಕೇಳಲಿಲ್ಲ. ಫೋನ್ ನಂಬರಿಗೆ ಒಂದು ಕಾಲಂ ಇಟ್ಟಿದ್ದೆ. ಬಹಳಷ್ಟು ಕಡೆಯವರು ಆಫೀಸಿನ ಲ್ಯಾಂಡ್‌ಲೈನ್ ಬರೆದಿದ್ದರು. ಸಂಜೆಯಾದರೆ ಆ ಕೋಣೆಗೆ ಬೀಗ. ಇದು ನನಗೆ ಹೊಳೆಯಲೇ ಇಲ್ಲ, ಏಕೆಂದರೆ ನಾನು ಆ ಆಸ್ಪತ್ರೆಗಳಿಗೆ ಹೋಗುತ್ತಿದ್ದದ್ದು ಹಗಲು ಹೊತ್ತಿನಲ್ಲಿ.

ಒಂದು ರಾತ್ರಿ ಬೈಕಿನಿಂದ ಬಿದ್ದ ಹುಡುಗನನ್ನು ತಾಲ್ಲೂಕು ಆಸ್ಪತ್ರೆಗೆ ತಂದರು. ತಲೆಗೂ ಪೆಟ್ಟು, ಹೊಟ್ಟೆಗೂ ಪೆಟ್ಟು. ಡ್ಯೂಟಿ ಡಾಕ್ಟರ್ ಗೋಡೆಯ ಪಟ್ಟಿ ನೋಡಿ, ಸಿಟಿ ಇರುವ ಕಡೆ ಕಳಿಸಿದರು. ಅಲ್ಲಿ ಟೆಕ್ನಿಷಿಯನ್ ಬರುತ್ತಿದ್ದದ್ದು ಬೆಳಿಗ್ಗೆ. ಅಲ್ಲಿಂದ ಇನ್ನೊಂದು ಕಡೆ ಹೋದರು. ಸ್ಕ್ಯಾನ್ ಆಯಿತು, ಆದರೆ ಸರ್ಜನ್ ಊರಲ್ಲಿರಲಿಲ್ಲ. ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಹುಡುಗ ತೀರಿಕೊಂಡ. ಆಮೇಲೆ ಅವನ ರೆಫರಲ್ ಚೀಟಿ ನನ್ನ ಕೈಗೆ ಬಂತು. 'ರೆಫರ್ಡ್ ಟು ಹೈಯರ್ ಸೆಂಟರ್' ಅಂತಷ್ಟೇ ಬರೆದಿತ್ತು. ಯಾವ ಸೆಂಟರ್ ಅಂತ ಇಲ್ಲ, ಎಷ್ಟು ಗಂಟೆಗೆ ಹೊರಟರು ಅಂತ ಇಲ್ಲ, ಬಿಪಿ ಇಲ್ಲ, ಏನು ಇಂಜೆಕ್ಷನ್ ಕೊಟ್ಟರು ಅನ್ನೋದೂ ಇಲ್ಲ. ಆ ಡಾಕ್ಟರನ್ನು ನಾನು ದೂರಲಾರೆ. ಅವರು ನಂಬಿದ್ದು ನನ್ನ ಪಟ್ಟಿಯನ್ನು.

ಇನ್ನೊಂದು ವಿಷಯ. ನಮ್ಮ ಕಡೆ ತಲೆಗೆ ಪೆಟ್ಟು ಅಂದ ತಕ್ಷಣ 'ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ' ಅಂತಾರೆ. ಅದು ಮೆದುಳು, ನರಗಳ ಆಸ್ಪತ್ರೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವನಿಗೆ ಮೊದಲು ಬೇಕಾಗಿದ್ದು ಹತ್ತಿರದಲ್ಲೇ ಒಬ್ಬ ಸರ್ಜನ್ ಮತ್ತು ರಕ್ತ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಕೂಡ ಬೇಕು. 40 ದೇಶಗಳಲ್ಲಿ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳನ್ನು ಸೇರಿಸಿ ನಡೆದ ಕ್ರ್ಯಾಶ್-2 ಅಧ್ಯಯನ 2010ರಲ್ಲೇ ಪ್ರಕಟವಾಗಿದೆ. ಪೆಟ್ಟಾದ 3 ಗಂಟೆಯೊಳಗೆ ಈ ಇಂಜೆಕ್ಷನ್ ಕೊಟ್ಟರೆ ಜೀವ ಉಳಿಯುವ ಸಾಧ್ಯತೆ ಹೆಚ್ಚುತ್ತದೆ, ತಡವಾದರೆ ಪ್ರಯೋಜನವಿಲ್ಲ. ದುಬಾರಿ ಔಷಧಿಯೂ ಅಲ್ಲ. ನಾನು ನೋಡಿದ ಆಸ್ಪತ್ರೆಗಳಲ್ಲಿ ಅದು ಹೆರಿಗೆ ವಾರ್ಡಿನ ಬೀರುವಿನಲ್ಲಿ ಇರುತ್ತಿತ್ತು, ಕ್ಯಾಶುವಾಲ್ಟಿಯ ಎಮರ್ಜೆನ್ಸಿ ಟ್ರೇನಲ್ಲಿ ಇರುತ್ತಿರಲಿಲ್ಲ.

ಆಂಬುಲೆನ್ಸ್ ಕೊಡಿಸುವ ಆಸೆ ನಿಮಗೆ ಜಾಸ್ತಿ ಇದೆ ಅನ್ನಿಸುತ್ತದೆ. ನಮ್ಮ ರಾಜ್ಯದಲ್ಲಿ 108 ಶುರುವಾಗಿದ್ದೇ 2008ರಲ್ಲಿ, ಅದೂ ಸರ್ಕಾರ ಮತ್ತು ಹೊರಗಿನ ಸಂಸ್ಥೆ ಸೇರಿ. ಅದಕ್ಕೆ ಸಮಾನಾಂತರವಾಗಿ ಇನ್ನೊಂದು ನಂಬರ್ ತಂದರೆ ಜನರಿಗೆ ಗೊಂದಲ ಅಷ್ಟೇ. ಗಾಯಾಳುವಿನ ಚಿಕಿತ್ಸೆಗೆ ದುಡ್ಡಿನ ದಾರಿಯೂ ಇದೆ. ನೆಲಮಂಗಲದ ಬಳಿ ರಸ್ತೆ ಅಪಘಾತದಲ್ಲಿ ಹರೀಶ್ ನಂಜಪ್ಪ ಅನ್ನೋ ಯುವಕ ತೀರಿಕೊಂಡ ಮೇಲೆ 2016ರಲ್ಲಿ ನಮ್ಮ ಸರ್ಕಾರ ಅವರ ಹೆಸರಿನಲ್ಲಿ ಮೊದಲ 48 ಗಂಟೆಗೆ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆಯ ಯೋಜನೆ ತಂತು. 2025ರಲ್ಲಿ ಕೇಂದ್ರ ಸರ್ಕಾರ 7 ದಿನ, 1.5 ಲಕ್ಷದವರೆಗಿನ ನಗದುರಹಿತ ಚಿಕಿತ್ಸೆಯನ್ನು ಪ್ರಕಟಿಸಿತು. ಪೊಲೀಸ್ ಬರಲಿ, ಆಮೇಲೆ ಮುಟ್ಟುತ್ತೇವೆ ಅನ್ನೋ ಹಾಗೂ ಇಲ್ಲ. 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಮೊದಲು ಜೀವ, ಆಮೇಲೆ ಪೊಲೀಸ್ ಕೇಸಿನ ಎಂಎಲ್‌ಸಿ ಕಾಗದ.

ಹಾಗಾದರೆ ನಿಮ್ಮ ದುಡ್ಡು ಯಾವುದಕ್ಕೆ? ರಾತ್ರಿ ಪಾಳಿಗೆ. ಒಬ್ಬ ಸಿಟಿ ಟೆಕ್ನಿಷಿಯನ್, ಕರೆದರೆ ಬರುವ ಅರಿವಳಿಕೆ ಡಾಕ್ಟರಿಗೆ ಭತ್ಯೆ, ಪ್ರತಿ ಕ್ಯಾಶುವಾಲ್ಟಿಗೂ ಡ್ಯೂಟಿಯಿಂದ ಡ್ಯೂಟಿಗೆ ಕೈ ಬದಲಾಗುವ ಒಂದು ಮೊಬೈಲ್. ಕಳಿಸುವ ಡಾಕ್ಟರ್ ತಗೊಳ್ಳುವ ಡಾಕ್ಟರಿಗೆ ಫೋನ್ ಮಾಡದೆ ಗಾಡಿ ಹೊರಡಬಾರದು. ಅದಕ್ಕೂ ಕಾಯಲಾಗದಷ್ಟು ಅವಸರ ಇದ್ದರೆ ಗಾಡಿಯಲ್ಲಿರುವ ಸಿಬ್ಬಂದಿ ದಾರಿಯಲ್ಲೇ ಫೋನ್ ಮಾಡಬೇಕು. ತಮಿಳುನಾಡಿನ ಸರ್ಕಾರಿ ಟ್ರಾಮಾ ವ್ಯವಸ್ಥೆಯಲ್ಲಿ 108 ಬರುವ ಮೊದಲೇ ಆಸ್ಪತ್ರೆಗೆ ಸುದ್ದಿ ಮುಟ್ಟಿಸುವ ಕ್ರಮವಿದೆ. ಬಂದ ಗಾಯಾಳುಗಳನ್ನು ಎಷ್ಟು ಅವಸರ ಅನ್ನೋದರ ಮೇಲೆ ಕೆಂಪು, ಹಳದಿ, ಹಸಿರು ಅಂತ ವಿಂಗಡಿಸುತ್ತಾರೆ. ಕಟ್ಟಡ ನೋಡಲು ಹೋಗುವ ಬದಲು ಇದನ್ನು ನೋಡಿಕೊಂಡು ಬನ್ನಿ.

ಖಾಸಗಿಯವರ ಜೊತೆಗಿನ ಒಪ್ಪಂದದಲ್ಲಿ ಒಂದು ಸಾಲು ಇರಲೇಬೇಕು: ಗಾಯಾಳುವನ್ನು ತಗೊಳ್ಳಲು ಆಗದಿದ್ದರೆ ಕಾರಣ ಬರೆದುಕೊಡಬೇಕು. ತಿಂಗಳಿಗೊಮ್ಮೆ ಎಲ್ಲರೂ ಕೂತು, ಸತ್ತವರ ಒಂದೊಂದು ಕೇಸನ್ನೂ ಗಂಟೆ ಗಂಟೆಯಾಗಿ ಓದಬೇಕು. ಯಾರನ್ನೂ ಸಸ್ಪೆಂಡ್ ಮಾಡುವುದಕ್ಕಲ್ಲ ಅಂತ ಡಿಎಚ್‌ಒ ಮೊದಲೇ ಹೇಳಬೇಕು. ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಈ ವಾರವೇ ರಾತ್ರಿ 2 ಗಂಟೆಗೆ ನಿಮ್ಮ ಜಿಲ್ಲೆಯ ಕ್ಯಾಶುವಾಲ್ಟಿಗಳಿಗೆ ಹೋಗಿ, ಅಲ್ಲಿ ಯಾರಿದ್ದಾರೆ ನೋಡಿ ಬರೆದುಕೊಳ್ಳಿ. ಜಿಲ್ಲೆ ಯಾವುದು ಅಂತ ತಿಳಿಸಿದರೆ, ನಾವು ಆಮೇಲೆ ತಿದ್ದಿ ಬಳಸಿದ ಫಾರಂ ಮತ್ತು ರೆಫರಲ್ ಚೀಟಿಯ ಮಾದರಿ ಕಳಿಸುತ್ತೇನೆ.